ಫಾರ್ಮ್ಯಾಟ್ ಅನ್ನೋ ಮುಂಚೆ ಒಂದು ನಿಮಿಷ...

ಬಹಳ ದಿನ ಆಗಿತ್ತು ಇಲ್ಲಿ ಏನಾದ್ರೂ ಬರೆದು. ಆಫೀಸು, ರಿಲೀಸು, ಮತ್ತೆ ಆಫೀಸು... ಅದೇ ಹಳೇ ನೆಪ. ಇವತ್ತು ಕುಟ್ಟೋಕೆ ಕೂತಿರೋದಕ್ಕೆ ಕಾರಣ ಒಂದು ಫೋನ್ ಕಾಲು, ಆ ಕಾಲಿನಲ್ಲಿ ನಾನು ಆಡಿದ ಒಂದು ಮಾತು. ಆ ಮಾತನ್ನ ನೀವೂ ಯಾವತ್ತೋ ಯಾರಿಗೋ ಹೇಳಿರ್ತೀರ. ಅದಕ್ಕೇ ಬರೀತಿದ್ದೀನಿ.

ನನ್ನ ಸೋದರಮಾವ ಇರೋದು ಕಂಪ್ಲಿಯಲ್ಲಿ. ಕನ್ನಡ ಮೇಷ್ಟ್ರು. 2019ರಲ್ಲಿ ರಿಟೈರ್ ಆದಾಗ ಬಂದ ದುಡ್ಡಲ್ಲಿ ಮೊದಲು ತಗೊಂಡಿದ್ದೇ ಒಂದು ಲ್ಯಾಪ್‌ಟಾಪು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯುತ್ತೆ ಅಂತ ಪೇಪರ್‌ನಲ್ಲಿ ಓದಿದ್ರಂತೆ. ಪರದೆ ಮೇಲೂ "ವಿಂಡೋಸ್ 11ಕ್ಕೆ ಬನ್ನಿ" ಅಂತ ಬರ್ತಾ ಇತ್ತು. ಸರಿ, ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಣ್ಣ ಮಾಡಿಸೋ ಹಾಗೆ ಇದನ್ನೂ ಮಾಡಿಬಿಡೋಣ ಅಂತ ಒತ್ತಿದ್ದಾರೆ. ಅರ್ಧ ಆಗಿದೆ. ಕರೆಂಟ್ ಹೋಗಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ, ಪ್ಲಗ್ ಕಿತ್ತರೆ ಮಷೀನೂ ಆಫ್. ಮುಂದಿನದು ನೀವೇ ಊಹಿಸಿಕೊಳ್ಳಿ.

"ಅಳಿಯಾ, ಆನ್ ಮಾಡಿದ್ರ ಕಂಪನಿ ಹೆಸರು ಬರ್ತೈತಿ. ಆಮ್ಯಾಲ ನೀಲಿ ಪರದೆ. ಏನೋ ಇಂಗ್ಲಿಷ್‌ನಾಗ ಬರ್ದಿರ್ತೈತಿ. ಮತ್ತ ಆಫ್ ಆಗ್ತೈತಿ. ಹೊಸಪೇಟ್ಯಾಗ ಒಂದು ಅಂಗಡಿಗೆ ಕೊಟ್ಟು ಬಂದೀನಿ. ಫಾರ್ಮ್ಯಾಟ್ ಮಾಡ್ಬೇಕು, 800 ರೂಪಾಯಿ ಅಂದ್ರು. ಮಾಡಿಸ್ಲೇನು?"

ನಾನು ಆಗ ಒಂದು ಮೀಟಿಂಗ್‌ನಿಂದ ಎದ್ದು ಹೊರಗೆ ಬಂದಿದ್ದೆ. ಇನ್ನೊಂದು ಮೀಟಿಂಗ್ ಕಾಯ್ತಾ ಇತ್ತು.

"ಮಾಡಿಸಿಬಿಡ್ರಿ ಮಾಮಾ. ಫಾರ್ಮ್ಯಾಟ್ ಹೊಡಿಸಿದ್ರ ಹೊಸಾದರಂಗ ಆಗ್ತೈತಿ."

"ಒಳಗಿರೋದು ಇರ್ತೈತೇನು?"

"ಏನೈತಿ ಅದ್ರಾಗ? ಫೋಟೋ ಎಲ್ಲಾ ಫೋನ್‌ನಾಗ ಅದಾವಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹ್ಞೂಂ... ಏನಿಲ್ಲ ಬಿಡಪಾ. ನಾ ಬರದಿದ್ದು, ಅಷ್ಟ."

ಫೋನ್ ಇಟ್ಟರು. ನಾನೂ ಮೀಟಿಂಗ್‌ಗೆ ಹೋದೆ. ಅಲ್ಲಿ ಕೂತ ಮೇಲೆ ನಿಧಾನಕ್ಕೆ ತಲೆಗೆ ಹತ್ತಿತು, ಆ "ಅಷ್ಟ" ಎಷ್ಟು ಅಂತ.

ಮಾಮ ಆರು ವರ್ಷದಿಂದ ಕಂಪ್ಲಿ ಸುತ್ತಮುತ್ತ ಹಳ್ಳಿ ತಿರುಗಿ ಬರ್ಕೊಂಡಿರೋದು. ಹೊಲಗಳ ಹೆಸರು, ಬಾವಿಗಳ ಹೆಸರು, ಕಾಲುವೆಗಳ ಹೆಸರು, ಕುಮಾರರಾಮನ ಬಗ್ಗೆ ಅಜ್ಜಿಯರು ಹೇಳೋ ಕತೆಗಳು. ಕಂಪಿಲರಾಯನ ರಾಜ್ಯ ದಿಲ್ಲಿಯ ತುಘಲಕನ ಸೈನ್ಯಕ್ಕೆ 1327ರ ಹೊತ್ತಿಗೆ ಬಿತ್ತು ಅಂತ ನಾವು ಪಾಠದಲ್ಲಿ ಒಂದು ಸಾಲು ಓದಿ ಬಿಟ್ಟಿದ್ದೀವಿ. ಆ ಊರಲ್ಲಿ ಮಾತ್ರ ಜನ ಈಗಲೂ ಅದನ್ನ ನಿನ್ನೆ ಮೊನ್ನೆ ನಡೆದಂಗೆ ಹೇಳ್ತಾರೆ. ಹಾಗೆ ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಮತ್ತೆ ಹೋಗಿ ಕೇಳೋಣ ಅಂದ್ರೆ ಕೇಳೋಕೆ ಯಾರನ್ನ?

ವಾಪಸ್ ಫೋನ್ ಮಾಡಿ "ಬ್ಯಾಡ್ರಿ, ಬ್ಯಾಡ್ರಿ, ಅಂಗಡಿಯವರಿಗೆ ಹೇಳ್ರಿ" ಅಂದೆ. ಅಂಗಡಿಯವರ ಫೋನ್ ಎತ್ತುತ್ತಿಲ್ಲ. ಅವತ್ತು ರಾತ್ರಿನೇ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಹೇಗಿದ್ರೂ ಹಬ್ಬಕ್ಕೆ ಹೊಸಪೇಟೆಗೆ ಹೋಗೋದಿತ್ತು, ಎರಡು ದಿನ ಮುಂಚೆ ಹೋದೆ, ಅಷ್ಟೇ. ನಿದ್ದೆ ಬರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿಂದ ಮನೆಗೂ ಹೋಗದೆ ಬ್ಯಾಗ್ ಸಮೇತ ಆ ಅಂಗಡಿ ಮುಂದೆ ನಿಂತೆ. ಹತ್ತು ಗಂಟೆಗೆ ಒಬ್ಬ ಹುಡುಗ ಬಂದು ಶಟರ್ ಎತ್ತಿದ.

"ಇನ್ನಾ ಮುಟ್ಟಿಲ್ಲಣ್ಣ, ನಿನ್ನೆ ಓನರ್ ಮನಿಯಾಗ ಪೂಜಾ ಇತ್ತು."

ಯಾರ ಮನೆ ಪೂಜೆಯ ಫಲ ಯಾರಿಗೆ ಸಿಗುತ್ತೋ ನೋಡಿ :)

* * *

ಈ ವಿಷಯದಲ್ಲಿ ನನಗೆ ಇಷ್ಟು ಗಾಬರಿ ಆಗೋಕೆ ಇನ್ನೊಂದು ಕಾರಣ ಇದೆ. ಅದನ್ನ ಇಲ್ಲಿವರೆಗೂ ಯಾರ ಹತ್ರಾನೂ ಹೇಳಿರಲಿಲ್ಲ.

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಸಂಡೂರಿನ ಗೆಳೆಯನ ಮನೆಗೆ ಹೋಗಿದ್ದೆ. ಅವರ ಮನೆ ಕಂಪ್ಯೂಟರ್ ಆನ್ ಆಗ್ತಿರಲಿಲ್ಲ. "ಇವ್ನು ಇಂಜಿನಿಯರ್ ಆಗೋನು, ನೋಡ್ತಾನ ಬಿಡು" ಅಂದ್ರು ಅವರ ಅಮ್ಮ. ಒಂದು ಮಾತಿಗೆ ನಾನು ಉಬ್ಬಿಹೋದೆ. ಏನಾಗಿದೆ ಅಂತ ನೋಡೋ ತಾಳ್ಮೆ ಇರಲಿಲ್ಲ, ನಿಜ ಹೇಳಬೇಕು ಅಂದ್ರೆ ನೋಡೋಕೆ ಬರ್ತಾನೂ ಇರಲಿಲ್ಲ. ಫಾರ್ಮ್ಯಾಟ್ ಮಾಡೋಕೆ ಬರ್ತಿತ್ತು, ಅದನ್ನೇ ಮಾಡಿದೆ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ಪಟ್ಟಿ ಬಂತು, ಎಲ್ಲಾ ಡಿಲೀಟ್ ಮಾಡಿ ಒಂದೇ ಮಾಡಿಬಿಟ್ಟೆ, "ಕ್ಲೀನ್ ಆಗಿರ್ಲಿ" ಅಂತ. ಕಂಪ್ಯೂಟರ್ ಜಮ್ ಅಂತ ಓಡ್ತು. ಅವರ ಅಮ್ಮ ಒಗ್ಗರಣೆ ಮಿರ್ಚಿ ಮಾಡಿ ಹಾಕಿದ್ರು, ಚೆನ್ನಾಗಿ ತಿಂದು ಬಂದೆ.

ಮೂರು ವರ್ಷ ಆದಮೇಲೆ ಅವನ ಅಪ್ಪ ತೀರಿಕೊಂಡ್ರು. ಹದಿಮೂರನೇ ದಿನದ ಕಾರ್ಯಕ್ಕೆ ಹೋದಾಗ ಗೆಳೆಯ ಕೇಳಿದ, "ಲೇ, ನಾವೆಲ್ಲ ಕುಮಾರಸ್ವಾಮಿ ಗುಡಿಗೆ ಹೋಗಿದ್ವಲ್ಲ, ಅಪ್ಪನ ಫೋಟೋ ಆ ಕಂಪ್ಯೂಟರ್‌ನಾಗ ಇದ್ವು. ಡಿ ಡ್ರೈವ್‌ನಾಗ. ಎಲ್ಲಿ ಹೋದವೋ ಸಿಗವಲ್ವು, ಹುಡುಕಾಕ ಬರ್ತೈತೇನು?" ನಾನು ಹುಡುಕಿದ ಹಾಗೆ ಮಾಡಿದೆ. "ಇಲ್ಲ ಅನಿಸ್ತೈತಿ" ಅಂದೆ. ಅವನು ಇದನ್ನ ಓದಿದ್ರೆ... ಓದಲಿ. ತಪ್ಪಾಯ್ತು ಕಣೋ.

* * *

ಈಗ ನನ್ನ ವಾದ. "ಬೂಟ್ ಆಗ್ತಿಲ್ಲ" ಅನ್ನೋದು ಬೇರೆ, "ಡೇಟಾ ಹೋಗಿದೆ" ಅನ್ನೋದು ಬೇರೆ. ಇವೆರಡನ್ನ ನಾವು ಒಂದೇ ಮಾಡಿಬಿಟ್ಟಿದ್ದೀವಿ. ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ ಸಾಮಾನ್ಯವಾಗಿ ಕೆಡೋದು ಸಿಸ್ಟಂ ಎಬ್ಬಿಸೋ ಒಂದಷ್ಟು ಫೈಲು ಮಾತ್ರ. ನೀವು ಬರೆದಿದ್ದು, ತೆಗೆದಿದ್ದು, ಉಳಿಸಿದ್ದು ಡಿಸ್ಕಿನಲ್ಲಿ ಹಾಗೇ ಕೂತಿರುತ್ತೆ. ಬಾಗಿಲ ಬೀಗ ಕೆಟ್ಟಿದೆ ಅಂತ ಯಾರಾದ್ರೂ ಮನೆ ಕೆಡವಿಸ್ತಾರಾ? ಫಾರ್ಮ್ಯಾಟ್ ಅಂದ್ರೆ ಅದೇ.

ನಮ್ಮೂರಿನವರಿಗೆ ಇದನ್ನ ಹೇಳಿಕೊಡೋಕೆ ನನ್ನ ಹತ್ರ ಬೇರೆ ಉದಾಹರಣೆನೇ ಇದೆ. ಮಾಮನಿಗೂ ಇದನ್ನೇ ಹೇಳಿದ್ದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ನೆನಪಿದೆಯಾ? ಡ್ಯಾಮ್ ತುಂಬಿ ನಿಂತಿತ್ತು, 105 ಟಿಎಂಸಿ ಸಾಮರ್ಥ್ಯದ್ದು. ಇರೋ 33 ಗೇಟಿನಲ್ಲಿ ಒಂದು ಹೋಗಿತ್ತು. ಮೊದಲು ಬಂದ ಮಾತು ಏನು? ನೀರು ಗೇಟಿನ ಮಟ್ಟಕ್ಕಿಂತ ಕೆಳಗೆ ಇಳಿಯೋವರೆಗೂ ಖಾಲಿ ಮಾಡಬೇಕು, ಸುಮಾರು 60 ಟಿಎಂಸಿ ಹೊಳೆಗೆ ಬಿಡಬೇಕು, ಆಮೇಲೆ ರಿಪೇರಿ. ನಮ್ಮ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಆ ಕಡೆ ಆಂಧ್ರ, ತೆಲಂಗಾಣ, ಎಲ್ಲರ ಹೊಟ್ಟೆ ಇರೋದು ಆ ನೀರಲ್ಲಿ. ಕಂಪ್ಲಿಯ ಗದ್ದೆಗಳಲ್ಲಿ ಆಗಷ್ಟೇ ನಾಟಿ ಆಗಿತ್ತು. ಮಾಮ ಆ ವಾರ ಊಟ ಸರಿಯಾಗಿ ಮಾಡಿರಲಿಲ್ಲ ಅಂತ ಅತ್ತೆ ಈಗಲೂ ಹೇಳ್ತಾರೆ.

ಆಮೇಲೆ ಕನ್ಹಯ್ಯ ನಾಯ್ಡು ಅವರು ಬಂದ್ರು. ಗೇಟುಗಳ ವಿಷಯದಲ್ಲಿ ದಶಕಗಳ ಅನುಭವ ಇರೋ ಹಿರಿಯರು. ನೀರು ಹರೀತಿರುವಾಗಲೇ ಸ್ಟಾಪ್‌ಲಾಗ್ ಇಳಿಸೋಣ ಅಂದ್ರು. 60 ಅಡಿ ಅಗಲ, 4 ಅಡಿ ಎತ್ತರದ ಉಕ್ಕಿನ ತುಂಡುಗಳು, ಒಂದರ ಮೇಲೊಂದು ಐದು. ಆಗಸ್ಟ್ 16ಕ್ಕೆ ಮೊದಲನೆಯದು ಕೂತಿತು, 17ಕ್ಕೆ ಪೂರ್ತಿ ಆಯ್ತು. ಆ ಒಂದು ವಾರ ಹರಿದ ನೀರು ಹರಿದೇ ಹೋಯ್ತು, ಸುಳ್ಳಲ್ಲ. ಆದ್ರೆ ಡ್ಯಾಮ್ ಖಾಲಿ ಆಗಲಿಲ್ಲ, ಬೆಳೆ ಉಳೀತು, ಆಮೇಲೆ ಮಳೆ ಬಂದು ಡ್ಯಾಮ್ ಮತ್ತೆ ತುಂಬ್ತು.

ಗೇಟು ಕೆಟ್ಟರೆ ಗೇಟು ರಿಪೇರಿ. ನೀರು ಚೆಲ್ಲೋದು ಕೊನೇ ಉಪಾಯ. ಲ್ಯಾಪ್‌ಟಾಪಿಗೂ ಇಷ್ಟೇ ನಿಯಮ.

ಅದೇ ವರ್ಷ ಮೂರು ವಾರ ಮುಂಚೆ, ಜುಲೈ 19ಕ್ಕೆ, ಇಡೀ ಪ್ರಪಂಚದಲ್ಲಿ ನಡೆದಿದ್ದೂ ಇದೇ. (19 ಅನ್ನೋ ನಂಬರ್‌ಗೆ ಆ ವರ್ಷ ಏನಾಗಿತ್ತೋ :) ) ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಕೆಟ್ಟು ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ನೀಲಿ ಪರದೆ ತೋರಿಸಿ ಮಲಗಿದ್ವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು, ಫೋಟೋ ನೀವೂ ನೋಡಿರ್ತೀರ. ಅದಕ್ಕೆ ಪರಿಹಾರ ಏನಾಗಿತ್ತು ಗೊತ್ತಾ? ಸೇಫ್ ಮೋಡ್‌ನಲ್ಲಿ ಹೋಗಿ ಒಂದೇ ಒಂದು ಫೈಲ್ ಅಳಿಸೋದು. ಒಂದು ಫೈಲ್! ಅವತ್ತು ಯಾರಾದ್ರೂ 85 ಲಕ್ಷ ಮಷೀನ್ ಫಾರ್ಮ್ಯಾಟ್ ಹೊಡೀರಿ ಅಂದಿದ್ರೆ ನಾವು ನಗ್ತಿದ್ವಿ. ಮಾಮನ ಮಷೀನಿಗೆ ಅಂದಾಗ ಮಾತ್ರ ಯಾರಿಗೂ ನಗು ಬರಲ್ಲ, ಯಾಕೆ?

* * *

ಇರ್ಲಿ, ಮಾಮನ ಲ್ಯಾಪ್‌ಟಾಪಿಗೆ ಬರೋಣ. ನಾವು ಮಾಡಿದ್ದನ್ನ ಕ್ರಮವಾಗಿ ಬರೀತೀನಿ. ಯಾರಿಗಾದ್ರೂ ಉಪಯೋಗ ಆದ್ರೆ ಆಗ್ಲಿ.

1. ಮೊದಲು ನೋಡಬೇಕಾದ್ದು ಎಲ್ಲಿವರೆಗೂ ಬಂದು ನಿಲ್ಲುತ್ತೆ ಅಂತ. ದೀಪವೇ ಹತ್ತಲಿಲ್ಲ ಅಂದ್ರೆ ಚಾರ್ಜರ್, ಕರೆಂಟಿನ ಕತೆ. ದೀಪ ಹತ್ತಿ ಪರದೆ ಕಪ್ಪಗಿದ್ರೆ ರ‍್ಯಾಮ್ ಅಥವಾ ಪರದೆ ಕಡೆ ಅನುಮಾನ. ಕಂಪನಿ ಹೆಸರು ಬಂತು ಅಂದ್ರೆ ಒಳ್ಳೇ ಸುದ್ದಿ, ಬೋರ್ಡು, ರ‍್ಯಾಮು, ಪರದೆ ಬಹುಪಾಲು ಚೆನ್ನಾಗಿವೆ. ಅದರ ಆಮೇಲೆ ನೀಲಿ ಪರದೆ ಬಂದ್ರೆ ಡಿಸ್ಕಿನಿಂದ ಏನೋ ಓದೋಕೂ ಆಗ್ತಿದೆ ಅಂತ ಅರ್ಥ. ಮಾಮ ಫೋನ್‌ನಲ್ಲಿ ಹೇಳಿದ್ದು ಇದೇ. ಅರ್ಧ ರೋಗ ಅವರೇ ಪತ್ತೆ ಮಾಡಿದ್ರು, ನಾನೇ ಕೇಳಿಸಿಕೊಳ್ಳಲಿಲ್ಲ.

2. ಪೆನ್‌ಡ್ರೈವ್, ಮೌಸ್, ಪ್ರಿಂಟರ್ ಎಲ್ಲಾ ಕಿತ್ತು, ಚಾರ್ಜರೂ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಹಾಕಿ ನೋಡಿ. ಕೆಲವು ಸಲ ಇಷ್ಟಕ್ಕೇ ಎದ್ದು ಕೂರುತ್ತೆ. ನಮ್ಮದು ಕೂರಲಿಲ್ಲ.

3. ಬಯಾಸ್ ಸೆಟಪ್‌ಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತಾ ನೋಡಿ. ಒಂದೊಂದು ಕಂಪನಿಗೆ ಒಂದೊಂದು ಕೀ: ಎಫ್ 2, ಡಿಲೀಟ್, ಎಸ್ಕೇಪ್, ಎಫ್ 10. ಹೆಸರು ಕಂಡ್ರೆ ಡಿಸ್ಕ್ ಜೀವಂತ ಇದೆ. ಕಾಣದಿದ್ರೆ, ಅಥವಾ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದ್ರೆ, ದಯವಿಟ್ಟು ಅಲ್ಲಿಗೆ ನಿಲ್ಲಿಸಿ. ಮತ್ತೆ ಮತ್ತೆ ಆನ್ ಆಫ್ ಮಾಡಿದಷ್ಟೂ ಉಳಿದಿರೋದೂ ಹೋಗುತ್ತೆ. ಅದು ಡೇಟಾ ರಿಕವರಿ ಮಾಡೋರ ಕೆಲಸ, ನಮ್ಮದಲ್ಲ.

4. ಡಿಸ್ಕ್ ಕಂಡ್ರೆ, ರಿಪೇರಿಗೆ ಮುಂಚೆ ಕಾಪಿ. ಇದನ್ನ ಗೋಡೆ ಮೇಲೆ ಬರೆದು ಹಾಕಬೇಕು. ನನ್ನ ಕೀ ಗೊಂಚಲಿನಲ್ಲಿ ಉಬುಂಟು ಹಾಕಿರೋ ಒಂದು ಪೆನ್‌ಡ್ರೈವ್ ಇರುತ್ತೆ. ಅದರಿಂದ ಬೂಟ್ ಮಾಡಿ, "ಇನ್‌ಸ್ಟಾಲ್" ಒತ್ತದೆ "ಟ್ರೈ" ಒತ್ತಿದ್ರೆ, ಒಳಗಿನ ಡಿಸ್ಕಿಗೆ ಏನೂ ಮಾಡದೆ ಕಂಪ್ಯೂಟರ್ ಎದ್ದು ನಿಲ್ಲುತ್ತೆ. ವಿಂಡೋಸ್ ಅರ್ಧಕ್ಕೆ ನಿಂತಿರೋದ್ರಿಂದ ಆ ಪಾರ್ಟಿಷನ್ ಸರಿಯಾಗಿ ಮುಚ್ಚಿಲ್ಲ ಅಂತ ಲಿನಕ್ಸ್ ತಕರಾರು ತೆಗೀಬಹುದು, ಓದೋಕೆ ಮಾತ್ರ ಬಿಡಬಹುದು. ಬಿಡಿ, ನಮಗೆ ಬೇಕಾಗಿರೋದೂ ಓದೋದೇ. ಯೂಸರ್ಸ್ ಫೋಲ್ಡರ್ ಪೂರ್ತಿ ಹೊರಗಿನ ಹಾರ್ಡ್ ಡಿಸ್ಕಿಗೆ ಎಳೆದುಕೊಂಡೆ. ಡೆಸ್ಕ್‌ಟಾಪ್ ಮರೀಬೇಡಿ, ನಮ್ಮ ಹಿರಿಯರು ಎಲ್ಲಾನೂ ಇಡೋದು ಅಲ್ಲೇ :)

5. ಇಲ್ಲೊಂದು ದೊಡ್ಡ ಗುಂಡಿ ಇದೆ. ಅದರ ಹೆಸರು ಬಿಟ್‌ಲಾಕರ್. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ್ರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ. ಹೊರಗಿನಿಂದ ತೆಗೀಬೇಕು ಅಂದ್ರೆ 48 ಅಂಕಿಯ ರಿಕವರಿ ಕೀ ಬೇಕು. ಅದು ಇಲ್ಲ ಅಂದ್ರೆ ನಾನೂ ಅಷ್ಟೇ, ಅಂಗಡಿಯವನೂ ಅಷ್ಟೇ. 2024ರ ಆ ಜುಲೈಯಲ್ಲಿ ಎಷ್ಟೋ ಆಫೀಸುಗಳು ತಿಣುಕಾಡಿದ್ದೂ ಈ ಕೀ ಎಲ್ಲಿದೆ ಅಂತ ಹುಡುಕೋಕೇ. ಇವತ್ತೇ, ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ, ಆ ಕೀ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಇಡಿ. ಮಾಮನದು ಹಳೇ ಕಾಲದ ಲೋಕಲ್ ಅಕೌಂಟು, ಎನ್‌ಕ್ರಿಪ್ಷನ್ ಇರಲಿಲ್ಲ. ಬಚಾವ್.

6. ಕಾಪಿ ಮುಗಿದ ಮೇಲೆ ರಿಪೇರಿ. ವಿಂಡೋಸ್ ಎರಡು ಮೂರು ಸಲ ಏಳೋಕಾಗದೆ ಬಿದ್ದರೆ ತಾನೇ ರಿಕವರಿ ಪರದೆ ತೋರಿಸುತ್ತೆ. ತೋರಿಸದಿದ್ರೆ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಸೆಟಪ್ ಹಾಕಿಕೊಂಡು "ರಿಪೇರ್" ಕಡೆಗೆ ಹೋಗಬಹುದು. ಅಲ್ಲಿ ಸ್ಟಾರ್ಟಪ್ ರಿಪೇರ್ ಇದೆ, ಅಪ್‌ಡೇಟ್ ತೆಗೆಯೋ ದಾರಿ ಇದೆ, ಕಮಾಂಡ್ ಪ್ರಾಂಪ್ಟ್ ಇದೆ. ಮೊದಲೆರಡು ನಮಗೆ ಕೈಕೊಟ್ಟವು. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಡಿದ್ರೆ ಹಳೇ ವಿಂಡೋಸ್ 10ರ ಫೋಲ್ಡರ್ ಜಾಗದಲ್ಲೇ ಇದೆ, ಕೆಟ್ಟಿರೋದು ಬೂಟ್ ಮಾಡಿಸೋ ಪುಟ್ಟ ಪಾರ್ಟಿಷನ್. 1 ಟಿಬಿ ಡಿಸ್ಕಿನಲ್ಲಿ ಅದರ ಪಾಲು ಬರೀ 100 ಎಂಬಿ. ಬಿಸಿಡಿಬೂಟ್ ಅನ್ನೋ ಕಮಾಂಡ್ ಒಂದು ಸಾಲು ಕೊಟ್ಟು ಆ ಫೈಲುಗಳನ್ನ ಹೊಸದಾಗಿ ಬರೆಸಿದೆ. ರೀಸ್ಟಾರ್ಟ್.

ಚುಕ್ಕಿಗಳು ತಿರುಗಿದ್ವು. ತಿರುಗಿದ್ವು. ತಿರುಗ್ತಾನೇ ಇದ್ವು. ಮಾಮ ಕಣ್ಣು ಮುಚ್ಚಿಕೊಂಡು ಕೂತಿದ್ರು. ಅಮ್ಮ ಮೂರನೇ ಸಲ ಚಾ ತಂದ್ರು. ಆಮೇಲೆ "ಬದಲಾವಣೆಗಳನ್ನು ಹಿಂದಕ್ಕೆ ಪಡೆಯಲಾಗುತ್ತಿದೆ" ಅನ್ನೋ ಅರ್ಥದ ಒಂದು ಸಾಲು ಬಂತು. ಅರ್ಧ ಗಂಟೆ ಆದಮೇಲೆ ಅವರ ಹಳೇ ಪರದೆ, ಹಿಂದೆ ವಿರೂಪಾಕ್ಷ ಗೋಪುರದ ಫೋಟೋ, ಮೇಲೆ ಚೆಲ್ಲಾಪಿಲ್ಲಿ ನೂರು ಐಕಾನ್.

ಮಾಮ ಏನೂ ಹೇಳಲಿಲ್ಲ. ಎದ್ದು ಹೋಗಿ ಮುಖ ತೊಳ್ಕೊಂಡು ಬಂದ್ರು.

(ಲಿನಕ್ಸ್ ಮತ್ತು ವಿಂಡೋಸ್ ಎರಡೂ ಇಟ್ಟುಕೊಂಡಿರೋ ಗೆಳೆಯರಿಗೆ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಆದಮೇಲೆ ಎಷ್ಟೋ ಜನರ ಲಿನಕ್ಸ್ "ಸೆಕ್ಯುರಿಟಿ ಪಾಲಿಸಿ ವಯೋಲೇಷನ್" ಅಂತ ಬಾಗಿಲಲ್ಲೇ ನಿಂತಿತ್ತು. ಅಲ್ಲೂ ಡೇಟಾಗೆ ಏನೂ ಆಗಿರಲಿಲ್ಲ. ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಿದ್ರೆ ಒಳಗೆ ಹೋಗಿ ಸರಿಮಾಡಬಹುದಿತ್ತು. ಅವತ್ತೂ ಕೆಲವರು ಗಾಬರಿಯಾಗಿ ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಂಡ್ರು.)

* * *

ಹಾಗಾದ್ರೆ ಅಂಗಡಿಯ ಹುಡುಗ ಕಳ್ಳನಾ? ಅಲ್ಲ. ಅವನ ಹತ್ರ ಆಮೇಲೆ ಹೋಗಿ ಮಾತಾಡಿದೆ. ಅವನ ಲೆಕ್ಕ ನೇರವಾಗಿದೆ. ಫಾರ್ಮ್ಯಾಟ್ ಅಂದ್ರೆ ಒಂದು ಗಂಟೆ, 800 ರೂಪಾಯಿ, ಗ್ಯಾರಂಟಿ. ಏನಾಗಿದೆ ಅಂತ ಹುಡುಕಿ, ಡೇಟಾ ತೆಗೆದು, ರಿಪೇರಿ ಮಾಡೋದು ಅಂದ್ರೆ ಅರ್ಧ ದಿನ. ಆದ್ರೂ ಆಯ್ತು, ಇಲ್ಲದಿದ್ರೆ ಇಲ್ಲ. ಅದಕ್ಕೆ 1500 ಕೇಳಿದ್ರೆ "ಅಷ್ಟ್ಯಾಕ?" ಅಂತ ಜನ ಮುಂದಿನ ಅಂಗಡಿಗೆ ಹೋಗ್ತಾರೆ. "ಡೇಟಾ ಬೇಕೇನ್ರಿ ಅಂತ ಕೇಳ್ತೀವಣ್ಣ, ಏನ್ ಬ್ಯಾಡ ಬಿಡಪಾ ಅಂತಾರ. ಮನಿಗೆ ಹೋದಮ್ಯಾಲ ಅಳಕೋಂತ ಫೋನ್ ಮಾಡ್ತಾರ" ಅಂದ. ಅವನಿಗೂ ಅದು ಬೇಜಾರೇ.

ಯೋಚನೆ ಮಾಡಿ. ಡೇಟಾ ಅನ್ನೋ ಶಬ್ದಾನೇ ನಮ್ಮ ಜನಕ್ಕೆ ಅರ್ಥ ಆಗಲ್ಲ. ಡೇಟಾ ಅಂದ್ರೆ ಮೊಬೈಲ್ ರೀಚಾರ್ಜ್ ಅಂದುಕೊಳ್ತಾರೆ. "ಒಳಗೆ ನೀವು ಬರೆದಿದ್ದು, ಫೋಟೋ, ಲೆಕ್ಕಪತ್ರ ಏನಾದ್ರೂ ಇದೆಯಾ?" ಅಂತ ಕೇಳಬೇಕು. ಆ ಹುಡುಗನಿಗೆ ಇಷ್ಟೇ ಹೇಳಿ ಬಂದೆ. "ಹಂಗ ಕೇಳ್ತೀನಿ ಬಿಡಣ್ಣ" ಅಂದಿದ್ದಾನೆ. ನನ್ನ ಉಬುಂಟು ಪೆನ್‌ಡ್ರೈವ್‌ನ ಒಂದು ಕಾಪಿ ಅವನಿಗೂ ಹಾಕಿಕೊಟ್ಟೆ.

ಅಂಗಡಿಯವನಿಗೆ ಟೈಮ್ ಇಲ್ಲ ಅನ್ನೋದು ಒಪ್ಪಬಹುದು. ನಮಗೇನಾಗಿದೆ? ನಾವು ಇಂಜಿನಿಯರ್‌ಗಳು. ಆಫೀಸಿನಲ್ಲಿ ಸರ್ವರ್ ಬಿದ್ದರೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ಓದ್ತೀವಿ. ಮೂಲ ಕಾರಣ ಏನು ಅಂತ ಎರಡು ಪುಟ ವರದಿ ಬರೀತೀವಿ. ಕಂಪನಿಯ ಡೇಟಾಬೇಸನ್ನ ಯಾರಾದ್ರೂ "ಅಳಿಸಿ ಹೊಸದು ಹಾಕಿಬಿಡಿ" ಅಂದ್ರೆ ಅವರ ಕೆಲಸ ಹೋಗುತ್ತೆ. ಅದೇ ಊರಿಂದ ಮಾಮ ಫೋನ್ ಮಾಡಿದ್ರೆ ಎರಡು ನಿಮಿಷದಲ್ಲಿ "ಫಾರ್ಮ್ಯಾಟ್ ಹೊಡಿಸಿಬಿಡ್ರಿ". ಅದು ತಾಂತ್ರಿಕ ಸಲಹೆ ಅಲ್ಲ ಸ್ವಾಮಿ. "ನನಗೆ ಪುರುಸೊತ್ತಿಲ್ಲ" ಅನ್ನೋದನ್ನ ತಾಂತ್ರಿಕವಾಗಿ ಹೇಳೋದು, ಅಷ್ಟೇ. ಇದನ್ನ ನನಗೆ ನಾನೇ ಹೇಳ್ಕೊಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಫಾರ್ಮ್ಯಾಟ್ ಮಾಡಲೇಬಾರದು ಅಂತ ನಾನು ಹೇಳ್ತಿಲ್ಲ. ವೈರಸ್ ಹೊಕ್ಕಿದ್ರೆ, ಸಿಸ್ಟಂ ಪೂರ್ತಿ ಕಲಸುಮೇಲೋಗರ ಆಗಿದ್ರೆ, ಹೊಸದಾಗಿ ಹಾಕೋದೇ ಜಾಣತನ. ಆದ್ರೆ ಅದು ಕಾಪಿ ಆದಮೇಲೆ, ಕೊನೇ ಉಪಾಯವಾಗಿ.

* * *

ಇನ್ನೊಂದು ವಿಷಯ ಹೇಳದಿದ್ರೆ ಕನ್ನಡದಲ್ಲಿ ಬರೆಯೋ ನಮಗೆ ಈ ಕತೆ ಪೂರ್ತಿ ಆಗಲ್ಲ.

ಉಬುಂಟುವಿನಲ್ಲಿ ಕಾಪಿ ಮಾಡುವಾಗ, ಫೈಲ್ ಚೆನ್ನಾಗಿದೆಯಾ ಅಂತ ಒಂದನ್ನ ತೆಗೆದು ತೋರಿಸಿದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಮಧ್ಯೆ ತಲೆ ಮೇಲೆ ಚುಕ್ಕಿ, ಗೆರೆ ಇರೋ ವಿಚಿತ್ರ ಅಕ್ಷರಗಳು. ಮಾಮನ ಮುಖ ಬಿಳಿಚಿಕೊಳ್ತು. "ಹೋತಲ್ಲೋ ಅಳಿಯಾ!"

ಹೋಗಿರಲಿಲ್ಲ. ಅವರು ಆರು ವರ್ಷ ಬರೆದಿದ್ದು ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ. ಅದರಲ್ಲಿ "ಕ" ಅನ್ನೋದು ಕಂಪ್ಯೂಟರಿಗೆ "ಕ" ಅಲ್ಲ. ಯಾವುದೋ ಲ್ಯಾಟಿನ್ ಅಕ್ಷರದ ಜಾಗದಲ್ಲಿ "ಕ"ದ ಚಿತ್ರ ಕೂರಿಸಿರ್ತಾರೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ರೆ ಕಸ. ನುಡಿ, ಬರಹ ಇಲ್ಲದಿದ್ರೆ ಆ ಕಾಲಕ್ಕೆ ಕಂಪ್ಯೂಟರಿನಲ್ಲಿ ನಮ್ಮ ಜನ ಕನ್ನಡ ಬರೀತಾನೇ ಇರಲಿಲ್ಲ, ಆ ಋಣ ದೊಡ್ಡದು. ಆದ್ರೆ ಈಗ ನುಡಿಯಲ್ಲೇ ಯುನಿಕೋಡ್ ಇದೆ. ಮಾಮ ಕಲಿತಿದ್ದು ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ, ಹಳೇ ಅಭ್ಯಾಸ ಹಾಗೇ ಉಳಿದುಬಿಟ್ಟಿತ್ತು.

ಅವರ ಸಿಸ್ಟಂನ ಫಾಂಟ್ ಫೋಲ್ಡರ್‌ನಿಂದಲೇ ಆ ಫಾಂಟ್ ತಂದು ಹಾಕಿದೆ. ಅಕ್ಷರಗಳು ವಾಪಸ್ ಬಂದ್ವು. ಮಾಮ ಹೇಳಿದ್ರು, "ನಮ್ಮ ಹಂಪಿ ಶಾಸನದಂಗ ಆತಲ್ಲ. ಕಲ್ಲು ಗಟ್ಟಿ ಐತಿ, ಅಕ್ಷರ ಅದಾವ, ಆದ್ರ ಆ ಲಿಪಿ ಓದೋರು ಬೇಕು." ಹೌದು ಅನ್ನಿಸ್ತು. ಶಾಸನ ಓದೋಕೆ ಕಮಲಾಪುರದ ಹತ್ರ ಕನ್ನಡ ವಿಶ್ವವಿದ್ಯಾಲಯ ಇದೆ, ಕಲಿತ ವಿದ್ವಾಂಸರಿದ್ದಾರೆ. ಇಪ್ಪತ್ತು ವರ್ಷ ಆದಮೇಲೆ ಒಂದು ಹಳೇ ಫಾಂಟ್ ಹುಡುಕೋಕೆ ಯಾರಿರ್ತಾರೆ?

ಹಾಗಾಗಿ ಹಬ್ಬದ ಎರಡು ದಿನ ನಮಗೆ ಅದೇ ಕೆಲಸ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ಉಚಿತವಾಗಿ ಸಿಗ್ತವೆ, ಅರವಿಂದ ವಿ.ಕೆ. ಅವರಂಥವರು ಮಾಡಿ ಕೊಟ್ಟಿದ್ದಾರೆ. ಹಾಕಿದ್ವಿ. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಎಡವಿದವು. ಮಾಮ ಕೂತು ಒಂದೊಂದೇ ತಿದ್ದಿದ್ರು. ನಾನು ಪಟಾಕಿ ಹೊಡೆಯೋದು ಬಿಟ್ಟು, ಕಂಪ್ಲಿ ಸೀಮೆಯ ಹೊಲಗಳ ಹೆಸರು ಓದ್ತಾ ಕೂತೆ. ಜೀವನದಲ್ಲಿ ಮೊದಲ ಸಲ. ಇಷ್ಟು ವರ್ಷ "ಮಾಮ ಏನೋ ಬರೀತಿರ್ತಾರೆ" ಅಂತಲೇ ಇದ್ದೆ.

ಈಗ ಅದು ಮೂರು ಕಡೆ ಇದೆ: ಅವರ ಲ್ಯಾಪ್‌ಟಾಪು, ಅತ್ತೆಯ ಬೀರುವಿನಲ್ಲಿ ಒಂದು ಹಾರ್ಡ್ ಡಿಸ್ಕು, ನನ್ನ ಹತ್ರ ಬೆಂಗಳೂರಿನಲ್ಲಿ ಒಂದು ಕಾಪಿ. ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ನಾನು ಪಕ್ಕದಲ್ಲೇ ಕೂತು 11ಕ್ಕೆ ಅಪ್‌ಗ್ರೇಡ್ ಮಾಡಿಸಿದೆ. ಎರಡನೇ ಸಲ ಸಲೀಸಾಗಿ ಆಯ್ತು.

ಅದನ್ನೂ ಡ್ಯಾಮೇ ಕಲಿಸಿದ್ದು. ಸ್ಟಾಪ್‌ಲಾಗ್ ಹಾಕಿದ್ದು ತಾತ್ಕಾಲಿಕ. ಗೇಟುಗಳಿಗೆ ವಯಸ್ಸಾಗಿದೆ ಅಂತ 2025ರ ಮಳೆಗಾಲದಲ್ಲಿ ನೀರನ್ನ 80 ಟಿಎಂಸಿಗೇ ನಿಲ್ಲಿಸಬೇಕಾಯ್ತು, ಎಲ್ಲಾ 33 ಗೇಟು ಬದಲಾಯಿಸೋ ತೀರ್ಮಾನ ಆಯ್ತು. ಗೇಟು ಹೋದ ದಿನ ಇಳಿಸೋಕೆ ಸಿದ್ಧವಾಗಿದ್ದ ಸ್ಟಾಪ್‌ಲಾಗ್ ಇರಲಿಲ್ಲ, ಆ ಗಡಿಬಿಡಿಯಲ್ಲಿ ಮಾಡಿಸಬೇಕಾಯ್ತು. ಒಂದು ಬ್ಯಾಕಪ್ಪು, ಒಂದು ಬೂಟ್ ಆಗೋ ಪೆನ್‌ಡ್ರೈವು, ಹಾಳೆಯಲ್ಲಿ ಬರೆದಿಟ್ಟ ಆ 48 ಅಂಕಿ, ಇವು ಮೂರು ನಮ್ಮ ಮನೆಯ ಸ್ಟಾಪ್‌ಲಾಗ್. ಗೇಟು ಹೋಗೋ ಮುಂಚೆ ಮಾಡಿಸಿಡೋಣ.

ನಿಮ್ಮ ಊರಿಂದಲೂ ಇಂಥ ಫೋನ್ ಬರುತ್ತೆ. ಬಂದಾಗ ಮೊದಲು "ಒಳಗೆ ಏನೇನಿದೆ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಅವರು "ಏನಿಲ್ಲ ಬಿಡು" ಅಂದ್ರೂ ಇನ್ನೊಂದು ಸಲ ಕೇಳಿ.

ಸಂಡೂರಿನ ಗೆಳೆಯನಿಗೆ ಮೊನ್ನೆ ಫೋನ್ ಮಾಡಿ ಎಲ್ಲಾ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ನಂಗ ಗೊತ್ತಿತ್ತು ಬಿಡಲೇ. ನೀನ ಹೇಳ್ತೀ ಅಂತ ಕಾಯ್ತಿದ್ದೆ."

ಇಷ್ಟು ಹೇಳಬೇಕು ಅನ್ನಿಸ್ತು. ಏನಂತೀರಾ?